ಸಾಲದ ಮನೆಯ ಹಿರಿಮಗ

2025ರ ಚಳಿಗಾಲದ ಒಂದು ಶನಿವಾರ. ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರು ಜೋರಾಗಿ ವಾದ ಮಾಡುತ್ತಿದ್ದರು. ಒಬ್ಬ ನನ್ನ ಮಗ, ಇನ್ನೊಬ್ಬ ಅವನ ಕ್ಲಾಸಿನವನು. ಇಬ್ಬರಿಗೂ 15 ವರ್ಷ. ಮೆಲ್ಬರ್ನ್‌ನ ಮೊನಾಶ್ ಫ್ರೀವೇಯಲ್ಲಿ ಟ್ರಾಫಿಕ್ ನಿಂತಿತ್ತು, ಇವರ ಬಾಯಿ ನಿಂತಿರಲಿಲ್ಲ. ಹಾರ್ಲಿ ರೀಡ್ ಎಂಬ ಫುಟಿ ಆಟಗಾರ ಬೆಳೀತಿದ್ದಾನಾ, ಇಲ್ಲಾ ಇದ್ದಲ್ಲೇ ಇದ್ದಾನಾ ಅನ್ನೋದು ಜಗಳ. ಆ ರೀಡ್‌ಗೆ ಆಗಿನ್ನೂ 20.

"ಅಪ್ಪಾ, ನೀನೇ ಹೇಳು" ಅಂದ ಮಗ.

ಹೇಳೋಕೆ ಹೊರಟೆ. "2009ರಲ್ಲಿ ಏನಾಯ್ತು ಅಂದ್ರೆ..." ಅನ್ನುವಷ್ಟರಲ್ಲಿ ಇಬ್ಬರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನೀವಾದರೂ ಕೇಳಿ.

ಮೊದಲು ಆಟದ ಬಗ್ಗೆ ಎರಡು ಮಾತು. ಫುಟಿ ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್. ಮೊಟ್ಟೆ ಆಕಾರದ ಚೆಂಡು, ಮೊಟ್ಟೆ ಆಕಾರದ ಮೈದಾನ, ಒಂದೊಂದು ಕಡೆ 18 ಜನ. ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಯವನಿಗೆ ದಾಟಿಸಬಹುದು, ಎಸೆಯುವಂತಿಲ್ಲ. ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದರೆ ಅದು ಮಾರ್ಕ್. ಗೋಲಿಗೆ 6 ಪಾಯಿಂಟ್. ಗುರಿ ಸ್ವಲ್ಪ ತಪ್ಪಿ ಪಕ್ಕದ ಕಂಬಗಳ ಸಂದಿಯಲ್ಲಿ ಹೋದರೆ 1 ಪಾಯಿಂಟ್. ಹತ್ತಿರ ಹತ್ತಿರ ಬಂದರೂ ಒಂದಂಕ ಕೊಡುವ ಧಾರಾಳ ಮನಸ್ಸಿನ ಆಟ ಅಂತ ನನಗೆ ಮೊದಲ ದಿನವೇ ಇಷ್ಟವಾಗಿತ್ತು.

ಇನ್ನೊಂದು ಪದ್ಧತಿ ಇದೆ, ನಮ್ಮ ಕಥೆಯ ಬೇರು ಅಲ್ಲಿದೆ. ಡ್ರಾಫ್ಟ್. ವರ್ಷಕ್ಕೊಮ್ಮೆ ದೇಶದ 18ರ ಆಸುಪಾಸಿನ ಹುಡುಗರನ್ನು ಕ್ಲಬ್‌ಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಪಟ್ಟಿಯಲ್ಲಿ ಕೊನೆಗೆ ನಿಂತ ತಂಡಕ್ಕೆ ಮೊದಲ ಸರದಿ. ಕೇಳೋಕೆ ನ್ಯಾಯವಾಗಿದೆ. ಹುಡುಗನ ಕಡೆಯಿಂದ ನೋಡಿ ಆದರೆ. ದೇಶದಲ್ಲೇ ಒಳ್ಳೆಯ ಹುಡುಗ ಅನ್ನಿಸಿಕೊಂಡ ತಪ್ಪಿಗೆ ಅವನು ದೇಶದಲ್ಲೇ ಕೆಟ್ಟ ತಂಡಕ್ಕೆ ಹೋಗಬೇಕು. ಸಾಲದಲ್ಲಿ ಮುಳುಗಿದ ಮನೆಯ ಹಿರಿಮಗ ಇದ್ದ ಹಾಗೆ. ಅವನ ಮಾರ್ಕ್ಸ್ ಕಾರ್ಡ್ ಬಂದ ದಿನ ಮನೆಯವರೆಲ್ಲ ಅದನ್ನೇ ಹಿಡಿದು ನೋಡುತ್ತಾರೆ, ಒಬ್ಬೊಬ್ಬರೂ ಮನಸ್ಸಿನಲ್ಲೇ ಒಂದೊಂದು ಸಾಲ ತೀರಿಸಿಕೊಳ್ಳುತ್ತಾರೆ.

ನಾನು 2009ರಲ್ಲಿ ಮೆಲ್ಬರ್ನ್‌ಗೆ ಬಂದೆ. ಬಂದ ಹೊಸದರಲ್ಲಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ, ಯಾರಿಗೆ ಬ್ಯಾರಕ್ ಮಾಡ್ತೀಯಾ ಅಂತ. ಯಾವ ತಂಡದ ಕಡೆಯವನು ಅಂತ ಅರ್ಥ. ಊರು, ಜಾತಿ, ಗೋತ್ರ ಎಲ್ಲ ಆ ಒಂದು ಪ್ರಶ್ನೆಯಲ್ಲೇ ಮುಗಿದುಹೋಗುತ್ತದೆ. ನನಗೆ ಉತ್ತರ ಇರಲಿಲ್ಲ. ಪಕ್ಕದ ಮನೆಯ ಅಜ್ಜ ಅದನ್ನು ತಾನೇ ತೀರ್ಮಾನ ಮಾಡಿಬಿಟ್ಟರು. ಅವರು ಮೆಲ್ಬರ್ನ್ ಕ್ಲಬ್ಬಿನವರು. ಕೆಂಪು-ನೀಲಿ ಬಣ್ಣದ 'ಡೀಸ್'. 1858ರಲ್ಲಿ ಹುಟ್ಟಿದ, ಈ ಆಟದ ಅತಿ ಹಳೆಯ ಕ್ಲಬ್. ಅಲ್ಲಿಯವರೆಗೆ ಕೊನೆಯ ಸಲ ಕಪ್ ಗೆದ್ದಿದ್ದು 1964ರಲ್ಲಿ. ಉಳಿದ ಊರಿನವರು ಇವರನ್ನು ಆಡಿಕೊಳ್ಳುತ್ತಾರೆ: ತಂಡ ಸೋಲುತ್ತಿದ್ದಂತೆ ಡೀಸ್ ಅಭಿಮಾನಿಗಳು ಕಾರಿನ ಮೇಲೆ ಸ್ಕೀ ಕಟ್ಟಿಕೊಂಡು ಹಿಮದ ಬೆಟ್ಟಕ್ಕೆ ಹೊರಟುಬಿಡುತ್ತಾರಂತೆ. ನಮ್ಮ ಅಜ್ಜನ ಹತ್ತಿರ ಇದ್ದಿದ್ದು ಹಳೇ ಟೊಯೋಟ. ಸ್ಕೀ ಇರಲಿಲ್ಲ.

ಜೂನ್ ತಿಂಗಳ ಎರಡನೇ ಸೋಮವಾರ ಆಗ ರಾಣಿಯ ಹುಟ್ಟುಹಬ್ಬದ ರಜೆ. ಆವತ್ತು ಎಂಸಿಜಿ ಮೈದಾನದಲ್ಲಿ ಮೆಲ್ಬರ್ನ್ ಮತ್ತು ಕಾಲಿಂಗ್‌ವುಡ್ ಆಡುವುದು ವಾಡಿಕೆ. ಅಜ್ಜ, ಅವರ ಮಗಳು, ನಾನು ರೈಲಿನಲ್ಲಿ ರಿಚ್ಮಂಡ್ ಸ್ಟೇಷನ್ನಿಗೆ ಹೋಗಿ ಇಳಿದೆವು. ಹಾಸನದ ಚಳಿ ಕಂಡವನು ನಾನು, ಇದೇನು ಮಹಾ ಅಂದುಕೊಂಡಿದ್ದೆ. ಸ್ಟೇಷನ್ನಿಂದ ಮೈದಾನದ ಗೇಟಿನವರೆಗೆ ನಡೆಯುವಷ್ಟರಲ್ಲಿ ಆ ಜಂಬ ಇಳಿಯಿತು.

ಗೇಟಿನ ಹೊರಗೆ ಅಜ್ಜ 'ಫುಟ್ಬಾಲ್ ರೆಕಾರ್ಡ್' ಕೊಂಡರು. ಆವತ್ತಿನ ಆಟಗಾರರ ಹೆಸರು, ನಂಬರು ಇರುವ ಪುಸ್ತಕ. ಹಳಬರು ಅದರಲ್ಲಿ ಗೋಲ್ ಆದಹಾಗೆಲ್ಲ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಕೂರುತ್ತಾರೆ. ಅಜ್ಜನಿಗೆ ಇನ್ನೊಂದು ಅಭ್ಯಾಸ ಇತ್ತು. ಆಟ ಶುರುವಾಗುವ ಮೊದಲು, ಇವನ ಮೇಲೆ ಕಣ್ಣಿಡಬೇಕು ಅನ್ನಿಸಿದ ಹುಡುಗನ ನಂಬರಿಗೆ ಸುತ್ತು ಹಾಕುವುದು. ಆವತ್ತು 4ನೇ ನಂಬರಿಗೆ ಒತ್ತಿ ಒತ್ತಿ ಸುತ್ತು ಹಾಕಿದರು.

4ನೇ ನಂಬರು ಜ್ಯಾಕ್ ವಾಟ್ಸ್. 2008ರ ಡ್ರಾಫ್ಟ್‌ನ ಮೊದಲ ಹುಡುಗ. 18 ವರ್ಷ, 196 ಸೆಂಟಿಮೀಟರ್ ಎತ್ತರ, ಇನ್ನೂ ಶಾಲೆಯ 12ನೇ ತರಗತಿ ಮುಗಿದಿರಲಿಲ್ಲ. ಅದು ಅವನ ಮೊದಲ ಪಂದ್ಯ. ಹಿಂದಿನ ವರ್ಷ ಇಡೀ ಸೀಸನ್ನಿನಲ್ಲಿ 3 ಪಂದ್ಯ ಗೆದ್ದ ತಂಡ ಅದು. ಜನ ಬಂದಿದ್ದು ಆಟ ನೋಡೋಕೆ ಕಮ್ಮಿ, ಈ ಹುಡುಗನನ್ನು ನೋಡೋಕೆ ಜಾಸ್ತಿ.

ಚೆಂಡು ಅವನ ಕೈಗೆ ಬಂತು. ಅಜ್ಜ ಅರ್ಧ ಎದ್ದು ನಿಂತರು. ಅಷ್ಟರಲ್ಲಿ ಕಾಲಿಂಗ್‌ವುಡ್‌ನ ಮೂರ್ನಾಲ್ಕು ಜನ ಒಟ್ಟಿಗೆ ಅವನ ಮೇಲೆ ಬಿದ್ದರು. ಉದ್ದನೆಯ ಕೈಕಾಲು, ಕೆಂಪು-ನೀಲಿ ಜೆರ್ಸಿ ಎಲ್ಲ ಕಪ್ಪು-ಬಿಳಿ ಪಟ್ಟೆಗಳ ಕೆಳಗೆ ಮುಚ್ಚಿಹೋಯಿತು. ಎದುರು ಸ್ಟ್ಯಾಂಡಿನಲ್ಲಿ ಕೇಕೆ. ನನ್ನ ಕೈಯಲ್ಲಿದ್ದ ಮೀಟ್ ಪೈ ಅಲ್ಲೇ ಆರಿತು. ಅಜ್ಜ ಕೂತರು. ಕಿವಿಯಲ್ಲಿದ್ದ ಪುಟ್ಟ ರೇಡಿಯೋದ ವಯರನ್ನು ತೆಗೆದು ಜೇಬಿಗೆ ಹಾಕಿಕೊಂಡರು. ರೇಡಿಯೋದವರು ಏನು ಹೇಳುತ್ತಾರೆ ಅಂತ ಅವರಿಗೆ ಬೇಡವಾಗಿತ್ತು.

ಆವತ್ತಿನಿಂದ ಶುರುವಾದ ವಾದ ಎಂಟು ವರ್ಷ ನಡೆಯಿತು. ಬೇಲಿಯ ಆ ಕಡೆ ಈ ಕಡೆ ನಿಂತು, ರೈಲಿನಲ್ಲಿ, ಬಾರ್ಬೆಕ್ಯೂ ಮುಂದೆ. ಅಜ್ಜ ಒಂದು ಕಡೆ, ಮಗಳು ಇನ್ನೊಂದು ಕಡೆ. ನಾನು ನಡುವೆ, ತಲೆ ಆಡಿಸುವ ಕೆಲಸಕ್ಕೆ.

ಮಗಳ ಮಾತು ಸರಳ. ಅದೇ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ವೆಸ್ಟ್ ಕೋಸ್ಟ್‌ಗೆ ಹೋದ ನಿಕ್ ನೈಟನೂಯಿಯನ್ನು ನೋಡು, ಹಾರಿದರೆ ಕಣ್ಣು ಕಟ್ಟುತ್ತದೆ. 44ನೆಯವನಾಗಿ ಅಡಿಲೇಡ್‌ಗೆ ಹೋದ ರೋರಿ ಸ್ಲೋನ್ ನೋಡು, ಚೆಂಡಿಗಾಗಿ ಪ್ರಾಣ ಬಿಡ್ತಾನೆ. ಮುಂದೆ ಆ ಸ್ಲೋನ್ ಕ್ಯಾಪ್ಟನ್ನೂ ಆದ. ನಮ್ಮವನು ಮೈಗೆ ಮೈ ತಾಗಿಸೋಕೆ ಹಿಂಜರಿಯುತ್ತಾನೆ, ಒಂದು ಹೆಜ್ಜೆ ನಿಧಾನ ಮಾಡುತ್ತಾನೆ. ಮೆತ್ತಗಿನವನು. ಈ ಒಂದು ಪದ ಅವನ ಬೆನ್ನಿಗೆ ನಂಬರಿನ ಪಕ್ಕದಲ್ಲೇ ಅಂಟಿಕೊಂಡಿತು.

ಅಜ್ಜ ಜಾಸ್ತಿ ಮಾತಾಡುವವರಲ್ಲ. ಅವರದು ಒಂದೇ ಪಾಯಿಂಟ್. ಮೊದಲು ಅವನ ಹತ್ತಿರಕ್ಕೆ ಚೆಂಡು ಬರಲಿ.

ನನಗೆ ಇದು ಅರ್ಥವಾಗಲು ಎರಡು ಸೀಸನ್ ಬೇಕಾಯಿತು. ವಾಟ್ಸ್ ಮುಂದೆ ನಿಂತು ಗೋಲ್ ಹೊಡೆಯಬೇಕಾದ ಹುಡುಗ. ಚೆಂಡು ಅವನಿಗೆ ನಡು ಮೈದಾನದಿಂದ ಬರಬೇಕು. ಒಳ್ಳೆಯ ತಂಡದಲ್ಲಿ ನಡುವಿನವರು ಚೆಂಡು ಗೆದ್ದು, ತಲೆಯೆತ್ತಿ ನೋಡಿ, ಓಡುತ್ತಿರುವವನ ಎದೆಮಟ್ಟಕ್ಕೆ ಸರಿಯಾಗಿ ಒದೆಯುತ್ತಾರೆ. ಸೋಲುವ ತಂಡದಲ್ಲಿ ನಡುವಿನವನ ಮೇಲೆ ಆಗಲೇ ಯಾರೋ ಬಿದ್ದಿರುತ್ತಾರೆ. ಅವನು ಸುಮ್ನೆ ಎತ್ತರಕ್ಕೆ ಒದ್ದು ಕೈತೊಳೆದುಕೊಳ್ಳುತ್ತಾನೆ. ಆ ಚೆಂಡು ಆಕಾಶದಲ್ಲಿ ತೇಲಿಕೊಂಡು ನಿಧಾನಕ್ಕೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಕೆಳಗೆ ಹುಡುಗನ ಎರಡೂ ಪಕ್ಕದಲ್ಲಿ ಬಲಿತ ಮೈಯ ಇಬ್ಬರು ಬಂದು ನಿಂತಿರುತ್ತಾರೆ. ಟೀವಿಯಲ್ಲಿ ಚೆಂಡಿನ ಹಿಂದೆಯೇ ಕ್ಯಾಮೆರಾ ಓಡುವುದರಿಂದ ನಮಗೆ ಕಾಣುವುದು ಕೊನೆಯ ಒಂದು ಕ್ಷಣ. ಹುಡುಗ ಹಿಡಿಯಲಿಲ್ಲ. ಅಷ್ಟೇ.

ಮೈದಾನಕ್ಕೇ ಹೋದರೆ ಬೇರೆ ಕಾಣುತ್ತದೆ. ಚೆಂಡು ಇಲ್ಲದಾಗ ಅವನು ಓಡಿದ ಓಟ, ಕೈ ಎತ್ತಿ ಕರೆದದ್ದು, ಯಾರೂ ಕೊಡದೆ ಇದ್ದಾಗ ತಿರುಗಿ ವಾಪಸ್ ನಡೆದದ್ದು. ಒಂದು ಮಧ್ಯಾಹ್ನ ಅಜ್ಜ ರೆಕಾರ್ಡ್‌ನ ಅಂಚಿನಲ್ಲಿ ಈ ಖಾಲಿ ಓಟಗಳನ್ನು ಲೆಕ್ಕ ಹಾಕುತ್ತಾ ಕೂತಿದ್ದರು. ಮೂರನೇ ಕ್ವಾರ್ಟರ್‌ನಲ್ಲಿ ಪೆನ್ಸಿಲ್ ಮುರಿಯಿತು.

ಮತ್ತೆ, ಅವನ ಪಕ್ಕದಲ್ಲಿ ಇದ್ದವರಾದರೂ ಯಾರು? ಅವನಂಥವೇ ಮಕ್ಕಳು. 2009ರಲ್ಲಿ ಮೆಲ್ಬರ್ನ್ 4 ಪಂದ್ಯ ಗೆದ್ದು ಮತ್ತೆ ಕೊನೆಗೆ ನಿಂತಿತು. ಎರಡು ವರ್ಷ ಸತತವಾಗಿ ಅಷ್ಟು ಕಮ್ಮಿ ಗೆದ್ದವರಿಗೆ ಆಗ ಇನ್ನೊಂದು ಹೆಚ್ಚುವರಿ ಸರದಿ ಸಿಗುತ್ತಿತ್ತು. ಹಾಗಾಗಿ ಆ ವರ್ಷದ ಮೊದಲ ಇಬ್ಬರೂ ಇವರ ಪಾಲಿಗೇ ಬಂದರು: ಟಾಮ್ ಸ್ಕಲಿ ಮತ್ತು ಜ್ಯಾಕ್ ಟ್ರೆಂಗೋವ್. ಬೇಕಂತಲೇ ಸೋತರು ಅಂತ ಗುಸುಗುಸು ಎದ್ದು ಆಮೇಲೆ ತನಿಖೆಯೂ ಆಯಿತು. 2013ರಲ್ಲಿ ಲೀಗ್ ತೀರ್ಪು ಕೊಟ್ಟಿತು. ಬೇಕಂತ ಸೋತಿಲ್ಲ, ಆದರೂ 5 ಲಕ್ಷ ಡಾಲರ್ ದಂಡ! ಈ ತೀರ್ಪಿನ ತರ್ಕ ನನಗೆ ಇವತ್ತಿಗೂ ಪೂರ್ತಿ ತಲೆಗೆ ಹೋಗಿಲ್ಲ.

ಸ್ಕಲಿ 2011ರ ಕೊನೆಗೆ ಸಿಡ್ನಿಯ ಹೊಸ ಕ್ಲಬ್‌ಗೆ ಹೊರಟುಹೋದ. ಟ್ರೆಂಗೋವ್‌ನನ್ನು 20ನೇ ವಯಸ್ಸಿಗೇ ಜಂಟಿ ಕ್ಯಾಪ್ಟನ್ ಮಾಡಿದರು. ಲೀಗಿನ ಇತಿಹಾಸದಲ್ಲೇ ಅಷ್ಟು ಚಿಕ್ಕ ವಯಸ್ಸಿನ ಕ್ಯಾಪ್ಟನ್ ಇರಲಿಲ್ಲ. ಆಮೇಲೆ ಪಾದದ ಮೂಳೆ ಕೈಕೊಟ್ಟಿತು.

ಅದೇ 2011ರ ಜುಲೈ 30. ಈ ದಿನಾಂಕವನ್ನು ಡೀಸ್ ಅಭಿಮಾನಿಗಳ ಮುಂದೆ ಹೇಳಬಾರದು. ಜೀಲಾಂಗ್ ಊರಿನ ಮೈದಾನದಲ್ಲಿ ಜೀಲಾಂಗ್ 233, ಮೆಲ್ಬರ್ನ್ 47. ಅಂತರ 186. ಅಜ್ಜ ಆವತ್ತು ಮನೆಯಲ್ಲೇ ಇದ್ದರು. ಮೂರನೇ ಕ್ವಾರ್ಟರ್ ಹೊತ್ತಿಗೆ ಹಿತ್ತಲಿಗೆ ಬಂದು ಗುಲಾಬಿ ಗಿಡ ಕತ್ತರಿಸತೊಡಗಿದರು. ಕತ್ತರಿಸಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಆ ಬೇಸಿಗೆಯಲ್ಲಿ ಅವರ ಹಿತ್ತಲಲ್ಲಿ ಒಂದು ಹೂವೂ ಬಿಡಲಿಲ್ಲ. ಕೋಚ್ ಡೀನ್ ಬೇಯ್ಲಿಯನ್ನು ಬೆನ್ನಿಗೇ ತೆಗೆದುಹಾಕಿದರು.

ಕೋಚ್‌ಗಳ ಲೆಕ್ಕವನ್ನೂ ಹಾಕಬೇಕು. ವಾಟ್ಸ್ ಮೆಲ್ಬರ್ನ್‌ನಲ್ಲಿ ಕಳೆದ 9 ಸೀಸನ್‌ಗಳಲ್ಲಿ ಹಂಗಾಮಿಗಳೂ ಸೇರಿ 6 ಜನ ಕೋಚ್ ಬಂದರು. ಒಬ್ಬರು ಅವನನ್ನು ಮುಂದೆ ನಿಲ್ಲಿಸಿದರು, ಇನ್ನೊಬ್ಬರು ಹಿಂದೆ ಡಿಫೆನ್ಸ್‌ಗೆ ಕಳಿಸಿದರು, ಮತ್ತೊಬ್ಬರು ವಾಪಸ್ ಎಳೆದುಕೊಂಡರು. ವರ್ಷಕ್ಕೊಬ್ಬ ಮೇಷ್ಟ್ರು ಬಂದು ಸ್ಲೇಟು ಒರೆಸಿ ಅ ಆ ಇ ಈ ಮೊದಲಿಂದ ಬರೆಸಿದ ಹಾಗೆ. ಆದರೂ ನಾವು ಕೇಳುವುದು ಮಾತ್ರ, ಈ ಹುಡುಗ ಯಾಕೆ ಮುಂದಿನ ಕ್ಲಾಸಿಗೆ ಹೋಗಲಿಲ್ಲ ಅಂತ.

ಬೆಳೆಯುವ ಪೈರು ಮೊಳಕೆಯಲ್ಲಿ ಅಂತ ನಮ್ಮಲ್ಲಿ ಗಾದೆ ಇದೆ. ಆ ಗಾದೆ ಹೇಳಿದವರು ನೀರು ಬಿಟ್ಟಿದ್ದ ಗದ್ದೆಯ ಬದುವಿನ ಮೇಲೆ ನಿಂತಿದ್ದರು ಅಂತ ನನ್ನ ಗುಮಾನಿ.

ಅಜ್ಜನ ಮಗಳದ್ದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಕೆಟ್ಟ ತಂಡದಲ್ಲೂ ಚಿಗುರುವವರು ಇದ್ದಾರೆ. 2018ರ ಮೊದಲ ಆಯ್ಕೆ ಸ್ಯಾಮ್ ವಾಲ್ಶ್ ಕಾರ್ಲ್‌ಟನ್‌ಗೆ ಹೋದ. ಹಿಂದಿನ ಸೀಸನ್ನಿನಲ್ಲಿ 2 ಪಂದ್ಯ ಗೆದ್ದಿದ್ದ ತಂಡ. ಅವನ ಮೊದಲ ವರ್ಷದ ನಡುವೆಯೇ ಕೋಚ್ ಮನೆಗೆ ಹೋದರು. ಆದರೂ ವರ್ಷದ ಅತ್ಯುತ್ತಮ ಎಳೆಯ ಆಟಗಾರನಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ ಅವನಿಗೇ ಬಂತು. ಆದರೆ ವಾಲ್ಶ್ ನಡು ಮೈದಾನದವನು, ಚೆಂಡನ್ನು ತಾನೇ ಹುಡುಕಿಕೊಂಡು ಹೋಗಬಲ್ಲ. ಮುಂದೆ ನಿಂತ ಎತ್ತರದ ಹುಡುಗ ಕಾಯಲೇಬೇಕು. ಈ ವ್ಯತ್ಯಾಸ ಹೇಳಿದಾಗ ಅಜ್ಜನ ಮಗಳು, "ನೀನು ಈಗ ನಮ್ಮಪ್ಪನ ಥರಾನೇ ಮಾತಾಡ್ತೀಯಾ" ಅಂದಳು. ಬೈದಳೋ ಹೊಗಳಿದಳೋ ಗೊತ್ತಾಗಲಿಲ್ಲ.

ನನಗೆ ತುಂಬ ಕಾಡುವ ಜೋಡಿ 2021ರ ಡ್ರಾಫ್ಟ್‌ನದು. ಮೊದಲನೆಯವನು ಜೇಸನ್ ಹಾರ್ನ್-ಫ್ರಾನ್ಸಿಸ್, ಹೋಗಿದ್ದು ನಾರ್ತ್ ಮೆಲ್ಬರ್ನ್‌ಗೆ. ನಾಲ್ಕನೆಯವನು ನಿಕ್ ಡೇಕಸ್, ಅಪ್ಪ ಆಡಿದ್ದ ಕಾಲಿಂಗ್‌ವುಡ್‌ಗೆ. 2022ರಲ್ಲಿ ನಾರ್ತ್ 2 ಪಂದ್ಯ ಗೆದ್ದಿತು, ನಡುವೆ ಕೋಚ್ ಹೋದರು. ಹಾರ್ನ್-ಫ್ರಾನ್ಸಿಸ್ ಮುಖ ಗಂಟು ಹಾಕಿಕೊಂಡಿರುತ್ತಾನೆ, ಅಹಂಕಾರಿ ಅಂತ ವಾರವಾರವೂ ಮಾತು. ಅದೇ ವರ್ಷ ಡೇಕಸ್ ಪಳಗಿದ ಆಟಗಾರರ ನಡುವೆ ನಗುನಗುತ್ತಾ ಆಡಿ ರೈಸಿಂಗ್ ಸ್ಟಾರ್ ಆದ. ಒಂದೇ ಸೀಸನ್ನಿಗೆ ಹಾರ್ನ್-ಫ್ರಾನ್ಸಿಸ್ ತನ್ನೂರಿನ ಕಡೆಗೆ, ಪೋರ್ಟ್ ಅಡಿಲೇಡ್‌ಗೆ ಹೊರಟ. ಅಲ್ಲಿ ಚೆನ್ನಾಗಿಯೇ ಅರಳಿದ. ಇವರಿಬ್ಬರನ್ನು ಅದಲುಬದಲು ಮಾಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತೇನೆ. ಡೇಕಸ್ ಎಲ್ಲಿದ್ದರೂ ಡೇಕಸ್ ಆಗುತ್ತಿದ್ದನೇನೋ. ಆದರೆ ಆ ನಗು?

ವಾಟ್ಸ್ ವಿಷಯಕ್ಕೆ ಬರೋಣ. 2013ರಲ್ಲಿ 2 ಪಂದ್ಯ ಗೆದ್ದು ತಳ ಕಂಡ ಮೇಲೆ ಪಾಲ್ ರೂಸ್ ಎಂಬ ಕೋಚ್ ಬಂದು ಮನೆಯನ್ನು ಒಂದು ಹದಕ್ಕೆ ತಂದರು. ನಡುವಿನಲ್ಲಿ ಚೆಂಡು ಗೆಲ್ಲುವವರು ಬಂದರು. ಮುಂದಕ್ಕೆ ಚೆಂಡು ಹೋಗತೊಡಗಿತು. ಏನಾಶ್ಚರ್ಯ, 2016ರಲ್ಲಿ ವಾಟ್ಸ್ ತನ್ನ ಜೀವನದ ಒಳ್ಳೆಯ ಸೀಸನ್ ಆಡಿದ. ಅಷ್ಟು ನಾಜೂಕಾಗಿ ಒದೆಯುವ ಎತ್ತರದವನನ್ನು ನಾನಂತೂ ಜಾಸ್ತಿ ನೋಡಿಲ್ಲ. ಅಜ್ಜ ಮಗಳ ಮುಂದೆ ಏನೂ ಹೇಳಲಿಲ್ಲ. ಹುಬ್ಬು ಮಾತ್ರ ಒಂದು ಸಲ ಎತ್ತಿದರು.

2017ರ ಜೂನ್, ಮತ್ತದೇ ರಾಣಿಯ ಹುಟ್ಟುಹಬ್ಬ. ಅದೇ ಎಂಸಿಜಿ, ಅದೇ ಕಾಲಿಂಗ್‌ವುಡ್. ಮೂವರೂ ಹೋಗಿದ್ದೆವು. ಈ ಹೊತ್ತಿಗೆ ನನ್ನ ಹತ್ತಿರವೂ ಕೆಂಪು-ನೀಲಿ ಮಫ್ಲರ್ ಇತ್ತು. ಪಂದ್ಯ ಕೊನೆಯ ನಿಮಿಷಗಳವರೆಗೂ ತೂಗಾಡುತ್ತಿತ್ತು. ಆಗ ವಾಟ್ಸ್ ಗೋಲ್ ಹೊಡೆದ. ಮೆಲ್ಬರ್ನ್ 4 ಪಾಯಿಂಟ್‌ಗಳಿಂದ ಗೆದ್ದಿತು. ಎಂಟು ವರ್ಷದ ಹಿಂದೆ ಅವನನ್ನು ನೆಲಕ್ಕೆ ಹಾಕಿದ್ದ ಅದೇ ಹುಲ್ಲಿನ ಮೇಲೆ ಜೊತೆಯವರು ಅವನ ಮೇಲೆ ಬಿದ್ದು ತಬ್ಬಿಕೊಂಡರು. ಅಜ್ಜನ ಮಗಳು ಅತ್ತುಬಿಟ್ಟಳು. ಚಳಿಗೆ ಕಣ್ಣಲ್ಲಿ ನೀರು ಅಂದಳು. ಇರಲಿ.

ಸಿನಿಮಾ ಆಗಿದ್ದರೆ ಇಲ್ಲೇ ಶುಭಂ. ಅದೇ ವರ್ಷದ ಕೊನೆಗೆ ಕ್ಲಬ್ಬು ಅವನಿಗೆ ಬೇರೆ ಜಾಗ ನೋಡಿಕೋ ಅಂದಿತು. ತಯಾರಿಯಲ್ಲಿ ಶಿಸ್ತು ಸಾಲದು ಅಂತ. ಅದರಲ್ಲಿ ಸ್ವಲ್ಪ ನಿಜವೂ ಇದ್ದಿರಬೇಕು, ಸುಮ್ನೆ ಒಬ್ಬರ ಮೇಲೇ ತಪ್ಪು ಹೊರಿಸಲಾರೆ. 153 ಪಂದ್ಯ ಆಡಿ ಪೋರ್ಟ್ ಅಡಿಲೇಡ್‌ಗೆ ಹೋದ. ಅಲ್ಲಿ 2019ರಲ್ಲಿ ಕಾಲಿಗೆ ಬಲವಾದ ಪೆಟ್ಟಾಯಿತು. ಅದೇ ವರ್ಷ, 28ಕ್ಕೇ ಆಟ ಬಿಟ್ಟ.

ಈಗ ನನ್ನ ಮಗನ ಪ್ರಶ್ನೆ. ಹಾರ್ಲಿ ರೀಡ್ 2023ರ ಮೊದಲ ಆಯ್ಕೆ. ವಿಕ್ಟೋರಿಯಾದ ಉತ್ತರದ ಟೊಂಗಾಲಾ ಎಂಬ ಸಣ್ಣ ಊರಿನವನು. ಆರಿಸಿದ್ದು ದೇಶದ ಇನ್ನೊಂದು ತುದಿಯ ಪರ್ತ್‌ನ ವೆಸ್ಟ್ ಕೋಸ್ಟ್. ಆ ತಂಡ 2022ರಿಂದ 2025ರವರೆಗೆ ಕ್ರಮವಾಗಿ 2, 3, 5, 1 ಪಂದ್ಯ ಗೆದ್ದಿದೆ. ನಾಲ್ಕು ಸೀಸನ್‌ಗೆ 11 ಗೆಲುವು. ಈ ಮನೆಯ ಸಾಲ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಮೊದಲ ವರ್ಷ ರೀಡ್ ಎದುರಾಳಿಗಳನ್ನು ಒಂದೇ ಕೈಯಲ್ಲಿ ತಳ್ಳಿ ಓಡಿದ ವಿಡಿಯೋಗಳನ್ನು ಮಗ ನನಗೆ ಹತ್ತು ಸಲ ತೋರಿಸಿದ್ದಾನೆ. ಎರಡನೇ ವರ್ಷ ಮಾತು ತಿರುಗಿತು. ಉಸಿರು ಸಾಲದು, ನಡು ಮೈದಾನದಲ್ಲಿ ಪೂರ್ತಿ ಹೊತ್ತು ಆಡಲ್ಲ, ಮುಂದೆ ಹೋಗಿ ನಿಂತ್ಕೋತಾನೆ. ಇನ್ನು ಮೆಲ್ಬರ್ನ್‌ನವರಿಗೆ ಅವನು ತಮ್ಮ ರಾಜ್ಯದ ಹುಡುಗ. ಪ್ರತಿ ಕ್ಲಬ್ಬಿನವನಿಗೂ ಅವನು ವಾಪಸ್ ಬಂದು ತಮ್ಮಲ್ಲೇ ಆಡುವ ಕನಸು. ಅವನು ಮಾತ್ರ 2028ರವರೆಗೆ ಅಲ್ಲೇ ಇರಲು ಸಹಿ ಹಾಕಿದ.

ಮಗನ ಗೆಳೆಯನ ಹತ್ತಿರ ಅಂಕಿಅಂಶ ಎಲ್ಲ ಬಾಯಿಪಾಠ. ಯಾವ ವಾರ ಎಷ್ಟು ಸಲ ಚೆಂಡು ಮುಟ್ಟಿದ, ಎಷ್ಟು ಟ್ಯಾಕಲ್. "ಅವನ ಪಕ್ಕದಲ್ಲಿ ನಿಂತವರಿಗೆ ಎಷ್ಟು ವಯಸ್ಸೋ?" ಅಂತ ಕೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ.

ಒಂದು ಹೇಳಲೇಬೇಕು, ಇಲ್ಲದಿದ್ದರೆ ಈ ಬರಹ ಮುಗಿಯುವುದಿಲ್ಲ. ಸ್ಕಲಿ, ಟ್ರೆಂಗೋವ್ ಬಂದ ಅದೇ 2009ರ ಡ್ರಾಫ್ಟ್‌ನಲ್ಲಿ ಮೆಲ್ಬರ್ನ್ ಇನ್ನೊಬ್ಬನನ್ನೂ ತೆಗೆದುಕೊಂಡಿತ್ತು. 34ನೆಯವನಾಗಿ. ತೆಂಗಿನ ಮರದಂಥ ಹುಡುಗ, ಮೊಣಕಾಲು ಕೆಟ್ಟಿತ್ತು. ಯಾರೂ ಅವನ ಬಗ್ಗೆ ಬೇಲಿ ಪಕ್ಕ ನಿಂತು ಜಗಳ ಆಡಲಿಲ್ಲ. ಅವನು ಕೇಸಿ ಎಂಬ ಎರಡನೇ ದರ್ಜೆ ತಂಡದಲ್ಲಿ ಆಡಿಕೊಂಡು, ಬಿದ್ದು, ಎದ್ದು, ತಪ್ಪು ಮಾಡಿಕೊಂಡು ಐದಾರು ವರ್ಷ ಕಳೆದ. ಹೆಸರು ಮ್ಯಾಕ್ಸ್ ಗಾನ್. 2020ರಲ್ಲಿ ಕ್ಯಾಪ್ಟನ್ ಆದ. 2021ರ ಲೀಗ್ ಹಂತದ ಕೊನೆಯ ಪಂದ್ಯದಲ್ಲಿ, ಅದೇ ಜೀಲಾಂಗ್ ಮೈದಾನದಲ್ಲಿ, ಸೈರನ್ ಆದ ಮೇಲೆ ಒದ್ದ ಚೆಂಡು ಗೋಲಾಗಿ ತಂಡ ಪಟ್ಟಿಯ ಮೇಲಕ್ಕೆ ಹೋಯಿತು.

ಆ ವರ್ಷದ ಫೈನಲ್ ಸೆಪ್ಟೆಂಬರ್ 25ಕ್ಕೆ ಪರ್ತ್‌ನಲ್ಲಿ. ಮೆಲ್ಬರ್ನ್ ಊರು ಕೊರೊನಾ ಲಾಕ್‌ಡೌನ್‌ನಲ್ಲಿತ್ತು. 57 ವರ್ಷ ಕಾದ ಜನ ತಮ್ಮ ಊರಿನ ಮೈದಾನಕ್ಕಿರಲಿ, ಪಕ್ಕದ ಮನೆಗೂ ಹೋಗುವ ಹಾಗಿರಲಿಲ್ಲ. ಡೀಸ್ 74 ಪಾಯಿಂಟ್‌ಗಳಿಂದ ಗೆದ್ದರು. ಹಿತ್ತಲಿಗೆ ಬಂದೆ. ಅಜ್ಜ ಬೇಲಿಯ ಆ ಕಡೆ ಆಗಲೇ ಬಂದು ನಿಂತಿದ್ದರು, ಮಾಸ್ಕ್ ಗಲ್ಲಕ್ಕೆ ಇಳಿದಿತ್ತು. ಸುತ್ತಲಿನ ಕತ್ತಲಲ್ಲಿ ಯಾರ್ಯಾರೋ ಪಾತ್ರೆ ಬಡಿಯುತ್ತಿದ್ದರು.

ಅವರ ಕೈಯಲ್ಲಿ ಹಳೇ ರೆಕಾರ್ಡ್‌ಗಳ ಒಂದು ಕಟ್ಟು ಇತ್ತು. ಗಾನ್ ಮೊದಲು ಆಡಿದ 2011ರದ್ದನ್ನು ಹುಡುಕಿ ತೆಗೆದಿದ್ದರು. ಬೇಲಿಯ ಮೇಲಿಂದ ನನ್ನ ಕಡೆ ಚಾಚಿದರು. ಫೋನಿನ ಟಾರ್ಚ್ ಹಿಡಿದು ನೋಡಿದೆ. ಗಾನ್ ಹೆಸರಿನ ಮೇಲೆ ಸುತ್ತು ಇರಲಿಲ್ಲ, ಗೀಟೂ ಇರಲಿಲ್ಲ. ಟೊಮ್ಯಾಟೊ ಸಾಸ್ ಬಿದ್ದು ಒಣಗಿದ ಕಲೆ ಇತ್ತು. ಆವತ್ತು ಅವನನ್ನು ನೋಡಿದ ನೆನಪೇ ಇಲ್ಲ ಅಂದರು ಅಜ್ಜ. ಅದೇ ಪುಟದ ಮೇಲ್ಗಡೆ 4ನೇ ನಂಬರಿಗೆ ಪೆನ್ಸಿಲ್‌ನ ಎರಡು ಸುತ್ತು, ಒತ್ತಿದ ರಭಸಕ್ಕೆ ಕಾಗದ ಸ್ವಲ್ಪ ಹರಿದಿತ್ತು.